ಫೋಟೋದೊಳಗಿನ ಬೆನ್ನು

“ಬಗ್ಗೋ ಮುದುಕಾ. ಇನ್ನೂ ಬಗ್ಗು. ಬೆನ್ನು ಹಲಗೆ ಥರ ಇರ್ಬೇಕು. ಹಿಂಗೆ ಗೂನು ಮಾಡ್ಕೊಂಡು ನಿಂತ್ರೆ ಬಂದೋರು ಕಾಲೆಲ್ಲಿಡ್ಬೇಕೋ, ನಿನ್ನ ಬುರುಡೆ ಮೇಲಾ?”

ಲಾಯದ ಅಂಗಳದಲ್ಲಿ ಅಪ್ಪ ಎರಡೂ ಅಂಗೈ ನೆಲಕ್ಕೂರಿ, ಮಂಡಿಯ ಮೇಲೆ ಬಗ್ಗಿದ್ದ. ಧಣಿ ಬೂಟುಗಾಲನ್ನೆತ್ತಿ ಅವನ ಸೊಂಟದ ಮೇಲಿಟ್ಟು, ಅಂಗಡಿಯಲ್ಲಿ ಮಂಚ ಕೊಳ್ಳುವವನು ಅಲುಗಾಡಿಸಿ ನೋಡುವಂತೆ ಒಮ್ಮೆ ಒತ್ತಿದ. ಅಪ್ಪನ ಬಾಯಿಂದ ಗಾಳಿ ಹೊರಟಿತು.

“ಗಟ್ಟಿಯಾಗೇ ಇದ್ದಾನಲ್ಲೇ ಮೂಗಿ. ನಿನ್ನೆ ಬಂದು ಏನೋ ರಾಗ ಎಳೀತಿದ್ದೆ?”

ಮೂಗಿ ಕುದುರೆಯ ಹೊಟ್ಟೆಪಟ್ಟಿ ಬಿಗಿಯುತ್ತಿದ್ದಳು. ಅವಳು ಮೂಗಿಯಲ್ಲ. ಮಾತು ಗಂಟಲವರೆಗೆ ಬಂದು, ಅಲ್ಲಿ ಯಾರೋ ಬಾಗಿಲು ಹಾಕಿದಂತೆ ವಾಪಸು ಹೋಗುತ್ತಿತ್ತು, ಅಷ್ಟೆ. ಕುದುರೆಗಳ ಹತ್ತಿರ ಬೇಕಾದಷ್ಟು ಮಾತಾಡುತ್ತಿದ್ದಳು. ಆದರೆ ಕುದುರೆಗಳ ಸಾಕ್ಷಿ ಯಾರು ಕೇಳುತ್ತಾರೆ? ಲಾಯದಲ್ಲಿ ಅವಳಿಗೆ ಇಟ್ಟ ಹೆಸರು ಹಾಗೆಯೇ ಉಳಿದುಬಿಟ್ಟಿತ್ತು.

“ಏನಿಲ್ಲ ಧಣಿ,” ಅಪ್ಪ ನೆಲ ನೋಡುತ್ತಲೇ ಹೇಳಿದ. “ಅದಕ್ಕೆ ಸುಮ್ನೆ ಹೆದ್ರಿಕೆ. ಅವ್ರಮ್ಮನ ಹಾಗೆ.”

ನಿನ್ನೆ ಮೂಗಿ ಲದ್ದಿ ಬಾಚುತ್ತ ಬಾಚುತ್ತ ಮಾತನ್ನು ಹತ್ತಾರು ಸಲ ಬಾಯಿಪಾಠ ಮಾಡಿಕೊಂಡು ಧಣಿಯ ಕೋಣೆಯ ಹೊಸ್ತಿಲಿಗೆ ಹೋಗಿದ್ದಳು. ಡಾಕ್ಟರು ಅಪ್ಪನ ಬೆನ್ನಿನ ಫೋಟೋವನ್ನು ಬೆಳಕಿಗೆ ಹಿಡಿದು ತೋರಿಸಿದ್ದರು. ಸೊಂಟದ ಹತ್ತಿರ ಒಂದು ಮೂಳೆ ಜಾಗ ಬಿಟ್ಟು ಮುಂದಕ್ಕೆ ಜಾರಿದೆ, ಇನ್ನು ಭಾರ ಬಿದ್ದರೆ ಕಾಲು ಹೋಗುತ್ತದೆ, ಮತ್ತೆ ಬರುವುದಿಲ್ಲ ಎಂದಿದ್ದರು. ಆಗಲೇ ಎಡಗಾಲಿನ ಚಪ್ಪಲಿ ದಾರಿಯಲ್ಲಿ ಕಳಚಿ ಬಿದ್ದರೂ ಅಪ್ಪನಿಗೆ ತಿಳಿಯುತ್ತಿರಲಿಲ್ಲ. ಹಿಂದೆ ಬರುವ ಅವಳೇ ಎತ್ತಿಕೊಂಡು ಬರಬೇಕಿತ್ತು. ಇದೆಲ್ಲವನ್ನೂ ಹೇಗೋ ಹೇಳಿ, ಕೊನೆಗೆ, ಅಪ್ಪನ ಬದಲು ನಾನು ಬಗ್ಗುತ್ತೇನೆ, ನನ್ನ ಬೆನ್ನು ಮೆಟ್ಟಿ ಹತ್ತಲಿ ಎಂದಿದ್ದಳು.

ಧಣಿ ಬೈಯಲಿಲ್ಲ. ನಕ್ಕ. ಬರುವವರೆಲ್ಲ ಮರ್ಯಾದಸ್ಥರು, ಹೆಂಗಸಿನ ಬೆನ್ನು ತುಳಿಯೋಕೆ ಅವರಿಗೆ ಮನಸ್ಸು ಬರಲ್ಲ ಎಂದ. ಆಮೇಲೆ ಗೋಡೆಯ ಮೇಲಿದ್ದ ಜಾಹೀರಾತಿನ ಹಾಳೆ ತೋರಿಸಿದ. ಅದರ ನಟ್ಟನಡುವೆ ಅಪ್ಪ ಬಗ್ಗಿದ್ದ. ಅವನ ಬೆನ್ನ ಮೇಲೆ ಒಂದು ಕಾಲಿಟ್ಟು, ಇನ್ನೊಂದು ಕಾಲನ್ನು ಗಾಳಿಯಲ್ಲಿ ಎತ್ತಿ, ಹಲ್ಲು ಬಿಟ್ಟ ಒಬ್ಬ ಹುಡುಗಿ, ಪಕ್ಕದಲ್ಲಿ ಕರಿ ಕುದುರೆ, ಹಿಂದೆ ಸಮುದ್ರ. ಅಪ್ಪನ ಮುಖ ಫೋಟೋದಲ್ಲಿ ಇರಲಿಲ್ಲ.

“ಜನ ಇದನ್ನ ನೋಡ್ಕೊಂಡೇ ಬರೋದು ಕಣೆ. ಕಾಡು ಬೇರೆ ಕಡೆ ಇಲ್ವಾ, ಸಮುದ್ರ ಬೇರೆ ಕಡೆ ಇಲ್ವಾ? ಅವ್ರಿಗೆ ಈ ಅಜ್ಜ ಬೇಕು. ಆಗಲ್ಲ ಅಂದ್ರೆ ಹೇಳು, ಬೇರೆ ಅಜ್ಜನ್ನ ತರ್ತೀನಿ. ಆ ಅಜ್ಜಂಗೂ ಇರೋಕೊಂದು ಕೋಣೆ ಬೇಕಾಗತ್ತೆ, ನೋಡ್ಕೋ.”

ಕೋಣೆ ಎಂದರೆ ಲಾಯದ ಹಿಂದಿನದು. ಅದರ ಒಂದು ಗೋಡೆ ಕುದುರೆಗಳದೂ ಹೌದು; ಆ ಕಡೆ ಕುದುರೆ ಮೈ ಉಜ್ಜಿಕೊಂಡರೆ ಈ ಕಡೆ ಹಲಗೆಯ ಮೇಲಿನ ಪಾತ್ರೆ ಗಲಗಲ ಎನ್ನುತ್ತಿತ್ತು. ಅಮ್ಮ ಅಲ್ಲೇ ಮಲಗಿ ಅಲ್ಲೇ ಹೋದಳು. ಅಪ್ಪ-ಮಗಳಿಗೆ ಈ ಲೋಕದಲ್ಲಿ ಬಾಗಿಲು ಹಾಕಿಕೊಳ್ಳಲು ಇದ್ದದ್ದು ಅದೊಂದೇ ಜಾಗ.

ಬೆನ್ನು ಮೆಟ್ಟಿಲಾದದ್ದಕ್ಕೆ ಅಪ್ಪನೇ ಕಾರಣ ಎಂಬುದು ಅವಳನ್ನು ಒಳಗೊಳಗೇ ಸುಡುತ್ತಿತ್ತು. ಲಾಯದಲ್ಲಿ ಕುದುರೆ ಹತ್ತಲು ಕಲ್ಲಿನ ಕಟ್ಟೆಯಿದೆ. ಕಾಡು ದಾಟಿ ಸಮುದ್ರದ ದಂಡೆಗೆ ಬಂದ ಮೇಲೆ ಎಲ್ಲರೂ ಇಳಿಯಬೇಕು, ಜೀನು ಬಿಚ್ಚಬೇಕು. ಅಲ್ಲಿಂದ ಸವಾರಿ ಸಮುದ್ರದೊಳಗೆ, ಉಪ್ಪುನೀರು ತಾಗಿದರೆ ಚರ್ಮ ಹಾಳಾಗುತ್ತದೆ. ಜೀನಿನ ಚರ್ಮ. ಕುದುರೆಯ ಚರ್ಮದ ಬಗ್ಗೆ, ನಡೆಸುವವರ ಚರ್ಮದ ಬಗ್ಗೆ ಯಾರೂ ಚಿಂತೆ ಮಾಡಿದ್ದಿಲ್ಲ. ಜೀನಿಲ್ಲದ ಮೇಲೆ ಕಾಲಿಟ್ಟು ಹತ್ತಲು ರಿಕಾಪೂ ಇಲ್ಲ. ಮರದ ಸ್ಟೂಲು ತಂದು ನೋಡಿದ್ದಾಯಿತು, ಮರಳಿನಲ್ಲಿ ಹೂತು ವಾಲುತ್ತಿತ್ತು, ಕುದುರೆ ಬೆದರುತ್ತಿತ್ತು. ಒಂದು ದಿನ ಒಂದು ಮಗು ಹತ್ತಲಾಗದೆ ಅಳುತ್ತಿದ್ದಾಗ ಅಪ್ಪ, ಬಾ ಪುಟ್ಟಾ, ನಾನೇ ಆನೆ ಆಗ್ತೀನಿ ಎಂದು ಬಗ್ಗಿದ. ಕುದುರೆ ಅವನಿಗೆ ಬೆದರಲಿಲ್ಲ. ಮಗು ನಕ್ಕಿತು. ಧಣಿ ನೋಡಿದ. ಮಾರನೆಯ ದಿನದಿಂದ ಅದೇ ಕೆಲಸವಾಯಿತು. ಅಪ್ಪನಿಗೆ ಮೆಟ್ಟಿಲಜ್ಜ ಎಂಬ ಹೆಸರೂ ಬಂತು. ಆ ಹೆಸರಿಗೆ ಅವನು ಓ ಎನ್ನುವುದನ್ನು ಕೇಳಿದಾಗಲೆಲ್ಲ ಮೂಗಿಗೆ ಅಪ್ಪನ ಮೇಲೇ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದದ್ದಕ್ಕೆ ಅಳುವೂ ಬರುತ್ತಿತ್ತು.

ಆವತ್ತು ಬಂದವರು ಎರಡು ಜೋಡಿ. ಧಣಿಗೆ ಬೇಕಾದವರಂತೆ, ಅದಕ್ಕೆ ತಾನೂ ಬಿಳಿ ಕುದುರೆ ಹತ್ತಿ ಹೊರಟಿದ್ದ. ಮೂಗಿ ಎಂದಿನಂತೆ ಮುಂದಿನ ಕುದುರೆಯ ಹಗ್ಗ ಹಿಡಿದಳು. ಅದು ವಯಸ್ಸಾದ ಕರಿ ಹೆಣ್ಣುಕುದುರೆ, ಹೆಸರು ದೊಡ್ಡಕ್ಕ. ಉಳಿದ ಕುದುರೆಗಳಿಗೆ ಸವಾರ ಯಾರು, ಲಗಾಮು ಎಳೆದವರು ಯಾರು ಎಂಬುದೆಲ್ಲ ನೆಪಕ್ಕೆ. ದೊಡ್ಡಕ್ಕ ಹೋದ ಕಡೆ ಹೋಗುತ್ತಿದ್ದವು, ನಿಂತ ಕಡೆ ನಿಲ್ಲುತ್ತಿದ್ದವು. ಸವಾರಿ ಬಾರದವರೂ ತಾವೇ ಕುದುರೆ ಓಡಿಸಿದೆವೆಂದು ಹಿಗ್ಗುತ್ತಿದ್ದದ್ದು ಈ ಗುಟ್ಟಿನಿಂದ.

ಕಾಡಿನೊಳಗೆ ಬೆಳಕು ಹಸಿರು ನೀರಿನ ಹಾಗಿತ್ತು. ಕೊಳೆತ ಎಲೆಯ ರಾಡಿ ಮೂಗಿಯ ಮೀನಖಂಡದವರೆಗೆ ಹತ್ತುತ್ತಿತ್ತು. ಬೇರುಗಳು ಹಗ್ಗದ ಹಾಗೆ ದಾರಿಗೆ ಅಡ್ಡ ಬಿದ್ದಿದ್ದವು. ದೊಡ್ಡಕ್ಕನ ಮೇಲೆ ಕೂತಿದ್ದ ಕಪ್ಪು ಕನ್ನಡಕದ ದಪ್ಪ ಮನುಷ್ಯ, ಈ ಕಾಡಲ್ಲಿ ಹುಲಿ ಇದೆಯಾ ಎಂದು ಕೇಳಿದ. ಹಿಂದಿನಿಂದ ಉದ್ದಣ್ಣ, ಅವನೂ ಕುದುರೆ ನಡೆಸುವವನೇ, ಇಲ್ಲ ಸಾರ್, ಹುಲಿ ಎಲ್ಲಾ ಬಿಳಿ ಕುದುರೆ ಹತ್ಕೊಂಡು ಓಡಾಡ್ತಾವೆ ಎಂದು ಗೊಣಗಿದ. ಮೂಗಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು. ಇವತ್ತು ಅವಳ ಕಿವಿ ಸಾಲಿನ ಕೊನೆಯಲ್ಲಿ ಬರುತ್ತಿದ್ದ ಅಪ್ಪನ ಹೆಜ್ಜೆಯ ಮೇಲಿತ್ತು. ಒಂದು ಕಾಲು ರಾಡಿಯಿಂದ ಎದ್ದು ಬರುವ ಸದ್ದು, ಇನ್ನೊಂದು ಎಳೆದುಕೊಂಡು ಬರುವ ಸದ್ದು.

ಆದರೂ ಅವಳಿಗೊಂದು ಧೈರ್ಯವಿತ್ತು. ನಿನ್ನೆ ಸಂಜೆ ಅವಳೂ ಉದ್ದಣ್ಣನೂ ಹುರುಳಿಯ ಖಾಲಿ ಚೀಲಗಳನ್ನು ದಂಡೆಗೆ ಹೊತ್ತು ತಂದು, ಮರಳು ತುಂಬಿ, ಬಾಯಿ ಹೊಲಿದು, ಮರದ ಕೆಳಗೆ ಎರಡು ಅಂತಸ್ತಾಗಿ ಜೋಡಿಸಿಟ್ಟಿದ್ದರು. ಉದ್ದಣ್ಣ ಅದರ ಮೇಲೆ ಹತ್ತಿ ಕುಣಿದೇ ನೋಡಿದ್ದ. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಹುರುಳಿಯ ವಾಸನೆಯಿರುವ ಚೀಲಕ್ಕೆ ಯಾವ ಕುದುರೆ ತಾನೆ ಬೆದರುತ್ತದೆ? ಕಣ್ಣೆದುರಿಗೇ ಇಷ್ಟು ಚೆನ್ನಾದ ಮೆಟ್ಟಿಲಿದ್ದರೆ ಧಣಿಯೂ ಬೇಡ ಎನ್ನಲಾರ ಎಂದು ಅವಳು ನಂಬಿದ್ದಳು.

ದಂಡೆಗೆ ಬಂದಾಗ ಮರದ ನೆರಳಲ್ಲಿ ಅಡುಗೆಯವನೂ, ಪಾತ್ರೆ ತೊಳೆಯುವ ಅವನ ಹೆಂಡತಿಯೂ ಉದ್ದನೆಯ ಮೇಜಿಗೆ ಬಿಳಿ ಬಟ್ಟೆ ಹಾಸಿ ತಟ್ಟೆ ಲೋಟ ಜೋಡಿಸುತ್ತಿದ್ದರು. ನೀರಾಟ ಮುಗಿದ ಮೇಲೆ ಬಂದವರ ತಿಂಡಿ ಅಲ್ಲೇ. ಜೀನುಗಳು ಇಳಿದವು. ಮೂಗಿ ಅಪ್ಪನ ರಟ್ಟೆ ಹಿಡಿದು ದೂರ ನಿಲ್ಲಿಸಿ, ದೊಡ್ಡಕ್ಕನನ್ನು ಚೀಲಗಳ ಪಕ್ಕಕ್ಕೆ ತಂದಳು.

“ಇದ್ಯಾವನ ಗೋರಿ ಇದು?” ಧಣಿ ಕೇಳಿದ.

“ಹತ್ತೋಕೆ,” ಎಂದಳು ಮೂಗಿ. “ಗಟ್ಟಿಯಾಗಿದೆ.”

ಮೆಲ್ಲನೆಯ ದನಿಯ ಹೆಂಗಸೊಬ್ಬಳು, ಇದರ ಮೇಲೇ ಹತ್ತಬಹುದಲ್ಲ ಎಂದಳು. ಕಪ್ಪು ಕನ್ನಡಕದವನು, ಆದರೆ ಫೋಟೋದಲ್ಲಿ ಅಜ್ಜ ಇದ್ದರಲ್ಲ ಎಂದ. ಅವನ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ. ಪಟ್ಟಿಯಲ್ಲಿದ್ದ ತಿಂಡಿ ಯಾಕೆ ಬರಲಿಲ್ಲ ಎಂದು ಹೋಟೆಲಿನಲ್ಲಿ ಕೇಳುವವನ ದನಿ.

ಧಣಿ ಸೊಂಟದ ಚಾಕು ತೆಗೆದು ಒಂದೊಂದೇ ಚೀಲದ ಹೊಟ್ಟೆ ಸೀಳಿದ. ಅವಸರವಿಲ್ಲದೆ, ನಗುನಗುತ್ತ. ಮರಳು ಸೊರ್ರೆಂದು ಮರಳಿಗೆ ಸೇರಿತು. ಬಳಿಕ ಮೂಗಿಯ ಹತ್ತಿರ ಬಂದು, ಬಂದವರಿಗೆ ಕೇಳದಂತೆ ಹೇಳಿದ:

“ಮುಂಡೇದೇ, ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ರಾತ್ರೋರಾತ್ರಿ ಚೀಲ ಹೊಲೀತೀಯಾ? ಇವತ್ತು ಈ ಜನ ಹೋಗ್ಲಿ, ಆಮೇಲೆ ಇದೆ ನಿಮಗೆ. ಕರಿ ನಿಮ್ಮಪ್ಪನ್ನ.”

ಕರೆಯಬೇಕಾಗಲಿಲ್ಲ. ಅಪ್ಪ ತಾನಾಗಿಯೇ ಬಂದು, ಅವಳ ಮುಖ ನೋಡದೆ, ಒದ್ದೆ ಮರಳಿನಲ್ಲಿ ಕೈಯೂರಿದ.

ಮೆಲುದನಿಯ ಹೆಂಗಸು ಚಪ್ಪಲಿ ಬಿಟ್ಟಳು. ನೋವಾಗುತ್ತಾ ಅಜ್ಜ ಎಂದು ಕೇಳಿದಳು. ಇಲ್ಲ ತಾಯಿ ಎಂದು ಅಪ್ಪ ಮರಳಿಗೆ ಹೇಳಿದ. ಅವಳು ಅಯ್ಯೋ ಪಾಪ ಎಂದಳು, ಹತ್ತಿದಳು. ಅವಳ ಗಂಡ ಹತ್ತಿದ. ಇನ್ನೊಬ್ಬಳು ಕಿಲಕಿಲ ನಗುತ್ತ, ಜಾರಿ, ಮತ್ತೆ ಹತ್ತಿದಳು. ಪ್ರತಿ ಸಲವೂ ಅಪ್ಪನ ಅಂಗೈ ಮಣಿಕಟ್ಟಿನವರೆಗೆ ಮರಳಿಗೆ ಇಳಿಯುತ್ತಿತ್ತು. ಪ್ರತಿ ಸಲವೂ ಅವನು ಅದನ್ನು ಕಿತ್ತು ಹೊಸ ಜಾಗಕ್ಕೆ ಊರುತ್ತಿದ್ದ. ಮೂಗಿ ದೊಡ್ಡಕ್ಕನ ಹಣೆಗೆ ಹಣೆಯಿಟ್ಟು ನಿಂತಿದ್ದಳು. ನೋಡಬಾರದು ಎಂದುಕೊಂಡಿದ್ದಳು. ನೋಡುತ್ತಲೇ ಇದ್ದಳು.

ಕೊನೆಗೆ ಕಪ್ಪು ಕನ್ನಡಕದವನು. ಅವನು ಹತ್ತಿದ, ಆದರೆ ಕುದುರೆಯ ಮೇಲಲ್ಲ. ಅಪ್ಪನ ಬೆನ್ನ ಮೇಲೆಯೇ ನಿಂತು, ಒಂದು ಕಾಲನ್ನು ಗಾಳಿಯಲ್ಲಿ ಚಾಚಿ, ತೆಗಿ ತೆಗಿ ಎಂದು ಹೆಂಡತಿಗೆ ಹೇಳಿದ. ಅವಳು ಕುದುರೆಯ ಮೇಲಿನಿಂದ ಫೋನು ಹಿಡಿದಳು. ತಲೆ ಕತ್ತರಿಸಿ ಹೋಯಿತು, ಇನ್ನೊಮ್ಮೆ ಎಂದಳು. ಧಣಿ, ಹಂಗೇ ಇರಿ ಸಾರ್, ಸಕ್ಕತ್ತಾಗಿದೆ ಎಂದ.

ಹಸಿ ಕೊಂಬೆಯನ್ನು ಬಟ್ಟೆಯಲ್ಲಿ ಸುತ್ತಿ ಮುರಿದಂಥ ಸದ್ದು. ಅಪ್ಪ ಮುಖ ಅಡಿಯಾಗಿ ಬಿದ್ದ. ದಪ್ಪ ಮನುಷ್ಯ ಅವನ ಮೇಲೆ ಬಿದ್ದು ಪಕ್ಕಕ್ಕೆ ಉರುಳಿದ.

ಧಣಿ ಓಡಿ ಬಂದ, ದಪ್ಪ ಮನುಷ್ಯನ ಹತ್ತಿರ. ಅವನ ಮೊಣಕೈ ತರಚಿತ್ತು. ಅಡುಗೆಯವನು ನೀರು ತಂದ, ಹೆಂಡತಿ ಬಟ್ಟೆ ತಂದಳು, ಧಣಿ ತಾನೇ ಮರಳು ಒರೆಸಿ ಕೈಮುಗಿದು ಕ್ಷಮೆ ಕೇಳಿದ. ಆಮೇಲೆ ತಿರುಗಿ ಅಪ್ಪನ ಪಕ್ಕೆಗೆ ಬೂಟಿನ ತುದಿ ಮುಟ್ಟಿಸಿದ.

“ಏಳೋ ಬೋಳಿಮಗನೆ. ನಾಟಕ ಆಡ್ತೀಯಾ? ಏಳು.”

ಮೂಗಿ ಅಪ್ಪನ ಬಾಯೊಳಗಿನ ಮರಳನ್ನು ಬೆರಳಿನಿಂದ ತೆಗೆದಳು. ಅವನು ಕಣ್ಣು ಬಿಟ್ಟಿದ್ದ. ಮಾತೂ ಸರಿಯಾಗಿಯೇ ಇತ್ತು.

“ಮಗಳೇ, ನನ್ನ ಕಾಲ ಮೇಲೆ ಯಾರೋ ಕೂತಿದ್ದಾರೆ. ಸ್ವಲ್ಪ ಏಳೋಕೆ ಹೇಳು.”

ಕಾಲ ಮೇಲೆ ಯಾರೂ ಇರಲಿಲ್ಲ. ಎರಡೂ ಕಾಲು ಬಿಚ್ಚಿಟ್ಟ ಬಟ್ಟೆಯ ಹಾಗೆ ಹಿಂದೆ ಬಿದ್ದಿದ್ದವು. ಅವಳು ಹಿಮ್ಮಡಿಯನ್ನು ಚಿವುಟಿದಳು. ಅವನಿಗೆ ಗೊತ್ತಾಗಲಿಲ್ಲ.

ಎತ್ತಿಕೊಂಡು ಹೋಗಬೇಕು, ಗಾಡಿ ಕರೆಸಬೇಕು ಎಂದು ಉದ್ದಣ್ಣ ಧಣಿಗೆ ಹೇಳಿದ. ಎಲ್ಲ ಆಮೇಲೆ ಎಂದ ಧಣಿ. ನೀರು ಏರುತ್ತಿದೆ, ಇನ್ನು ತಡಮಾಡಿದರೆ ನೀರಿನ ನಡುವಿನ ಬಂಡೆಯವರೆಗೆ ಹೋಗಲಾಗುವುದಿಲ್ಲ, ಬಂದವರು ಬಂದದ್ದೇ ಅದಕ್ಕೆ. ಒಂದು ಸುತ್ತು ಮುಗಿಯಲಿ, ಅಷ್ಟರಲ್ಲಿ ಮುದುಕ ಸುಧಾರಿಸಿಕೊಳ್ಳುತ್ತಾನೆ. ದಪ್ಪ ಮನುಷ್ಯನನ್ನು ಉದ್ದಣ್ಣನ ಕೈಯಿಂದಲೇ ದೊಡ್ಡಕ್ಕನ ಮೇಲೆ ಎತ್ತಿ ಕೂರಿಸಿದ್ದಾಯಿತು. ಹಾಗೆ ಎತ್ತಿ ಕೂರಿಸಲು ಬರುತ್ತಿತ್ತು ಎಂಬುದು ಆಗ ಎಲ್ಲರಿಗೂ ಕಾಣಿಸಿತು.

ಮೂಗಿ ಏಳಲಿಲ್ಲ. ಅಪ್ಪನೇ ಅವಳ ಕೈ ತಳ್ಳಿದ. “ಹೋಗು. ಕೆಲಸ ಮುಗಿಸ್ಕೊಂಡು ಬಾ. ಕೋಣೆ ಒಂದು ಉಳೀಲಿ.”

ಅವಳು ಎದ್ದಳು. ಎದ್ದದ್ದಕ್ಕೆ ತನ್ನನ್ನೇ ಹಳಿದುಕೊಳ್ಳುತ್ತ ಹಗ್ಗ ಹಿಡಿದಳು.

ನೀರು ಮಂಡಿಗೆ ಬಂತು, ಸೊಂಟಕ್ಕೆ ಬಂತು. ದೊಡ್ಡಕ್ಕನ ಎದೆಗೆ ಅಲೆ ಹೊಡೆಯಿತು. ಹೊಟ್ಟೆಪಟ್ಟಿ ಉಜ್ಜಿದ ಹುಣ್ಣಿಗೆ ಉಪ್ಪು ತಾಗಿ ಅದರ ಮೈ ಒಮ್ಮೆ ನಡುಗಿತು. ಆಮೇಲೆ ನೆಲ ತಪ್ಪಿತು. ಕುದುರೆ ಈಜತೊಡಗಿತು. ಮೂಗಿ ಒಂದು ಕೈಯಲ್ಲಿ ಅದರ ಕುತ್ತಿಗೆಯ ಕೂದಲು ಹಿಡಿದು ಪಕ್ಕದಲ್ಲೇ ತೇಲಿದಳು. ಮೇಲೆ ಕೂತವರು ಕೇಕೆ ಹಾಕಿದರು. ನೀರಿನೊಳಗೆ ಕುದುರೆ ಹಾರಿದ ಹಾಗಾಗುತ್ತದೆ ಎಂದು ಮೆಲುದನಿಯ ಹೆಂಗಸು ಹೇಳುತ್ತಿದ್ದಳು. ಇರಬಹುದು. ಮೂಗಿ ಇದುವರೆಗೆ ಯಾವ ಕುದುರೆಯ ಮೇಲೂ ಕೂತವಳಲ್ಲ, ನಡೆಸುವವರು ಕೂರಕೂಡದೆಂದು ಲಾಯದ ನಿಯಮ.

“ಬಂಡೆ ಕಡೆ ತಿರುಗಿಸೇ,” ಧಣಿ ಹಿಂದಿನಿಂದ ಕೂಗಿದ.

ಅವಳು ಒಮ್ಮೆ ದಂಡೆಯ ಕಡೆ ನೋಡಿದಳು. ಅಪ್ಪ ಬಿದ್ದಲ್ಲೇ ಇದ್ದ. ಅಡುಗೆಯವನ ಹೆಂಡತಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಏರುತ್ತಿದ್ದ ನೀರಿನ ಅಂಚು ಅವನ ಪಾದದವರೆಗೆ ಬಂದಿತ್ತು. ಒಂದು ಅಲೆ ಬಂತು. ಅಪ್ಪನ ಕಾಲುಗಳು ಎದ್ದವು. ಅಲೆ ಹಿಂದೆ ಸರಿಯಿತು, ಕಾಲುಗಳೂ ಅದರ ಜೊತೆ ಸರಿದು, ಒಂದರ ಮೇಲೊಂದು ಬಿದ್ದವು. ಅಪ್ಪ ಅವನ್ನು ಎಳೆದುಕೊಳ್ಳಲಿಲ್ಲ. ಇನ್ನೊಂದು ಅಲೆ ಬಂತು.

ಮೂಗಿ ಕೂದಲು ಬಿಟ್ಟು ಹಗ್ಗವನ್ನು ದಂಡೆಯ ಕಡೆಗೆ ಎಳೆದಳು. “ಬಾ ದೊಡ್ಡಕ್ಕ,” ಎಂದಳು. “ಮನೆಗೆ ಹೋಗಣ.”

ದೊಡ್ಡಕ್ಕ ತಿರುಗಿತು. ಅದರ ಹಿಂದೆ ಕಂದು ಕುದುರೆ ತಿರುಗಿತು, ಅದರ ಹಿಂದೆ ಇನ್ನೆರಡು. ಮೊದಲು ಎಲ್ಲರೂ ಇದೂ ಆಟದ ಭಾಗವೆಂದುಕೊಂಡು ನಕ್ಕರು. ಆಮೇಲೆ, ಬಂಡೆ ಅಲ್ಲಿದೆಯಲ್ಲ, ಎಲ್ಲಿಗೆ ಹೋಗ್ತಿದ್ದೀರ ಎಂದರು. ಧಣಿ ಲಗಾಮು ಜಗ್ಗಿದ, ಬೈದ, ಹೊಡೆದ. ಅವನ ಬಿಳಿ ಕುದುರೆ ಕತ್ತು ಸೊಟ್ಟ ಮಾಡಿಕೊಂಡೇ, ಅವನನ್ನೂ ಹೊತ್ತುಕೊಂಡು, ದೊಡ್ಡಕ್ಕನ ಬಾಲದ ಹಿಂದೆ ಬಂತು.

ಮೊಣಕಾಲುದ್ದದ ನೀರಿಗೆ ಬಂದಾಗ ಅವನು ಮುಂದೆ ನುಗ್ಗಿ ಚಾವಟಿ ಬೀಸಿದ. ಅದು ಅವಳ ಕತ್ತಿನಿಂದ ದವಡೆಯವರೆಗೆ ಸುತ್ತಿಕೊಂಡಿತು. ಮೂಗಿ ನಿಲ್ಲಲಿಲ್ಲ. ಮೇಲಿದ್ದ ದಪ್ಪ ಮನುಷ್ಯ ಜಾರಿ ನೀರಿಗೆ ಬಿದ್ದ. ಅವಳು ಹಿಂದೆ ನೋಡಲಿಲ್ಲ.

ಅಪ್ಪನನ್ನು ಎರಡೂ ಕಂಕುಳಿಗೆ ಕೈಹಾಕಿ ಎತ್ತಲು ಹೋದಳು. ಅಡುಗೆಯವನು, ಹಂಗೆತ್ತಬೇಡ ಕಣೆ, ಬೆನ್ನು ಮುರಿದಿರೋನನ್ನ ಅಲುಗಿಸಬಾರದು, ಹಲಗೆ ಬೇಕು ಎಂದ. ಹಲಗೆ ಎಂದವನು ತನ್ನ ಹಿಂದಿದ್ದ ಮೇಜನ್ನು ನೋಡಿದ. ಉದ್ದಣ್ಣನೂ ನೋಡಿದ. ಎಲ್ಲರೂ ನೋಡಿದ್ದನ್ನು ಧಣಿಯೂ ನೋಡಿದ.

“ಆ ಮೇಜು ಮುಟ್ಟಿದ್ರೆ ನಿಮ್ಮ ಚರ್ಮ ಸುಲೀತೀನಿ ಸೂಳೆಮಕ್ಕಳಾ. ಬಂದೋರು ಇನ್ನೂ ತಿಂದಿಲ್ಲ.”

ಅಡುಗೆಯವನ ಹೆಂಡತಿಯೇ ಅಪ್ಪನ ತಲೆಯನ್ನು ಮೆತ್ತಗೆ ಮರಳಿಗಿಳಿಸಿ ಎದ್ದಳು. ಮೇಜಿನ ಒಂದು ತುದಿ ಹಿಡಿದಳು, ದಿನಾ ತೊಳೆಯೋಳು ನಾನೇ ಅಲ್ವಾ ಎಂದಳು, ಎತ್ತಿದಳು. ತಟ್ಟೆ, ಗಾಜಿನ ಲೋಟ, ಹೆಚ್ಚಿದ ಹಣ್ಣು, ಮೊಟ್ಟೆ, ಬ್ರೆಡ್ಡು, ಎಲ್ಲ ಒಟ್ಟಿಗೆ ಜಾರಿ ಮರಳಿಗೆ ಬಿದ್ದವು. ಬಿಳಿ ಬಟ್ಟೆಯ ಮೇಲೆ ಅಪ್ಪನನ್ನು ಉರುಳಿಸಿ ಮಲಗಿಸಿದರು. ನಾಲ್ಕು ಮೂಲೆಗೆ ನಾಲ್ವರು: ಉದ್ದಣ್ಣ, ಅಡುಗೆಯವನು, ಅವನ ಹೆಂಡತಿ, ಮೂಗಿ. ಬಂದವರ ವ್ಯಾನು ಲಾಯದ ಹತ್ತಿರವೇ ನಿಂತಿದೆ, ಡ್ರೈವರು ನನ್ನ ಭಾವಮೈದ, ಬೇಡ ಅನ್ನಲಾರ ಎಂದ ಅಡುಗೆಯವನು.

ಕಾಡಿನ ದಾರಿ ಶುರುವಾಗುವಲ್ಲಿ ಧಣಿ ಕುದುರೆ ಇಳಿದು ಅಡ್ಡ ನಿಂತಿದ್ದ. ಪ್ಯಾಂಟಿನಿಂದ ನೀರು ಸೋರುತ್ತಿತ್ತು. ಜೀನು ಯಾರು ಹಾಕುತ್ತಾರೆ, ಕುದುರೆ ಯಾರು ನಡೆಸುತ್ತಾರೆ, ಇವರೆಲ್ಲ ಹೇಗೆ ವಾಪಸು ಹೋಗಬೇಕು ಎಂದು ಕೇಳಿದ. ಕೋಣೆಯಲ್ಲಿರುವ ನಿಮ್ಮ ಪಾತ್ರೆಪಗಡ ಸಂಜೆಯೊಳಗೆ ಬೀದಿಯಲ್ಲಿರುತ್ತದೆ ಎಂದ.

“ಹಾಕ್ಕೋ,” ಎಂದಳು ಮೂಗಿ. “ಈಗ ದಾರಿ ಬಿಡು.”

ಅವನು ಬಿಡಲಿಲ್ಲ. ನಾಲ್ವರೂ ನಿಲ್ಲಲಿಲ್ಲ. ಮೇಜಿನ ಮುಂದಿನ ಅಂಚು ಅವನ ಎದೆಗೆ ತಾಗಿತು. ಅವನು ಒಂದು ಹೆಜ್ಜೆ ಹಿಂದಿಟ್ಟ, ಇನ್ನೊಂದು ಇಟ್ಟ, ರಾಡಿಯಲ್ಲಿ ಬೂಟು ಹೂತು ಪಕ್ಕಕ್ಕೆ ಕೂತುಬಿಟ್ಟ.

ದೊಡ್ಡಕ್ಕ ಯಾರೂ ಕರೆಯದೆಯೇ ಮೇಜಿನ ಹಿಂದೆ ಹೊರಟಿತು. ಉಳಿದ ಕುದುರೆಗಳು, ಬರಿ ಬೆನ್ನಿನವು, ಅದರ ಹಿಂದೆ. ಎಲ್ಲಕ್ಕಿಂತ ಹಿಂದೆ ಕುದುರೆ ಇಳಿದ ಸವಾರರು ನಾಲ್ಕು ಜನ, ಒದ್ದೆ ಬಟ್ಟೆಯಲ್ಲಿ, ಬರಿಗಾಲಲ್ಲಿ ಬರುತ್ತಿದ್ದರು. ಬೇರು ಎಡವಿದಾಗಲೆಲ್ಲ ಅವರಲ್ಲೊಬ್ಬರು, ಸ್ವಲ್ಪ ನಿಧಾನ ಹೋಗಿ ಎನ್ನುತ್ತಿದ್ದರು. ಮೆಲುದನಿಯ ಹೆಂಗಸು ಅಳುತ್ತಿದ್ದಳು. ಯಾರಿಗಾಗಿ ಎಂದು ಮೂಗಿಗೆ ತಿಳಿಯಲಿಲ್ಲ, ತಿಳಿಯಬೇಕೆನಿಸಲೂ ಇಲ್ಲ.

ಅಂಗಾತ ಮಲಗಿದ್ದ ಅಪ್ಪ ಮೇಲಿನ ಎಲೆಗಳನ್ನು ನೋಡುತ್ತ ಅಡುಗೆಯವನಿಗೆ ಸಮಾಧಾನ ಹೇಳುತ್ತಿದ್ದ: ಭಾರ ಆದ್ರೆ ಇಳಿಸ್ರಪ್ಪ, ಸ್ವಲ್ಪ ದೂರ ನಾನೇ ನಡೀತೀನಿ, ಈಗ ನೋವೇನೂ ಇಲ್ಲ. ಅವನ ಎಡಗಾಲು ಮೇಜಿನ ಅಂಚಿನಿಂದ ಹೊರಗೆ ಜೋತುಬಿದ್ದಿತ್ತು. ದಾರಿಯ ಪಕ್ಕದ ಮುಳ್ಳುಬಳ್ಳಿಯೊಂದು ಆ ಪಾದದ ಮೇಲೆ ಉದ್ದಕ್ಕೂ ಎಳೆದುಕೊಂಡು ಹೋಯಿತು. ಗೀರು ಬಿಳಿಯಾಗಿತ್ತು, ಆಮೇಲೆ ಕೆಂಪಾಯಿತು, ಹನಿ ಹನಿಯಾಗಿ ಕೆಳಗಿಳಿಯಿತು. ಅಪ್ಪ ಇನ್ನೂ ಮಾತಾಡುತ್ತಲೇ ಇದ್ದ.

ಮೂಗಿ ಭುಜದಿಂದ ಮೇಜನ್ನು ತಡೆದು, ಒಂದು ಕೈ ಬಿಡಿಸಿಕೊಂಡು, ಆ ಕಾಲನ್ನೆತ್ತಿ ಬಿಳಿ ಬಟ್ಟೆಯ ಮೇಲೆ ಇಟ್ಟಳು.

“ಬೇಗ ನಡೀರಿ,” ಎಂದಳು.